ತೋಟದ ಹಣ್ಣಿನಿಂದ ಮನೆಯಲ್ಲೇ ಹಣ್ಣಿನ ಕೇಕು

ಬಾಳೆಗೊನೆಗಳನ್ನು ಮಂಡಿಗೆ ಕಳುಹಿಸಿದ ನಂತರ ಮನೆಯಲ್ಲಿ ಉಳಿಯುವುದು ಏಟು ಬಿದ್ದ ಚಿಪ್ಪುಗಳು ಮತ್ತು ಅತಿಯಾಗಿ ಮಾಗಿ ಸಿಪ್ಪೆ ಕಪ್ಪಾದ ಹಣ್ಣುಗಳು. ಪರಂಗಿ ತೋಟದಲ್ಲಿ ಗಾಳಿಗೆ ಉದುರಿದ ಕಾಯಿಗಳನ್ನು ಕೇಳುವವರೇ ಇರುವುದಿಲ್ಲ. ಇವೆಲ್ಲ ಕೊಟ್ಟಿಗೆಗೋ ತಿಪ್ಪೆಗೋ ಸೇರುತ್ತವೆ. ಅದೇ ಮನೆಯ ಮಕ್ಕಳು ಸಂತೆಯ ದಿನ ಬೇಕರಿಯ ಮುಂದೆ ನಿಂತು ಹಣ್ಣಿನ ಕೇಕು ಬೇಕೆಂದು ಹಟ ಹಿಡಿಯುತ್ತಾರೆ. ಆ ಕೇಕಿನೊಳಗೆ ಕೆಂಪು, ಹಸಿರು, ಹಳದಿ ಬಣ್ಣದಲ್ಲಿ ಮಿನುಗುವ ಚೂರುಗಳು ಮತ್ತೇನೂ ಅಲ್ಲ, ಸಕ್ಕರೆ ಪಾಕದಲ್ಲಿ ಬೆಂದ ಪರಂಗಿಕಾಯಿ! ನಮ್ಮ ತೋಟದಲ್ಲಿ ಬಿದ್ದು ಕೊಳೆಯುವ ವಸ್ತುವನ್ನೇ ನಾವು ಹಣ ಕೊಟ್ಟು ಮನೆಗೆ ತರುತ್ತಿದ್ದೇವೆ.

ಹಣ್ಣಿನ ಕೇಕನ್ನು ಮನೆಯಲ್ಲಿ ತಯಾರಿಸುವುದು ಕಷ್ಟವಲ್ಲ. ಆದರೂ ಅನೇಕ ಗೃಹಿಣಿಯರು ಒಮ್ಮೆ ಪ್ರಯತ್ನಿಸಿ ಕೈಬಿಟ್ಟಿರುತ್ತಾರೆ. ನಡುಭಾಗ ಕುಸಿಯಿತು, ಹಣ್ಣೆಲ್ಲ ತಳ ಸೇರಿತು, ತಳ ಸೀದು ಒಳಗೆ ಹಸಿಯಾಗಿಯೇ ಉಳಿಯಿತು ಎಂಬ ದೂರುಗಳು ಸಾಮಾನ್ಯ. ಬೆಣ್ಣೆ, ಮೊಟ್ಟೆ, ಸಕ್ಕರೆ ಒಂದೇ ದಿನ ಹಾಳಾದರೆ ಮತ್ತೆ ಕೈಹಾಕಲು ಧೈರ್ಯ ಬರುವುದಿಲ್ಲ. ಈ ದೋಷಗಳಿಗೆಲ್ಲ ಕಾರಣಗಳಿವೆ. ಕಾರಣ ತಿಳಿದರೆ ಮೊದಲ ಸಲವೇ ಒಳ್ಳೆಯ ಕೇಕು ಪಡೆಯಬಹುದು. ಓವನ್ ಇಲ್ಲದ ಮನೆಯಲ್ಲೂ ಇದು ಸಾಧ್ಯ.

ಕೇಕು ನಮ್ಮ ನಾಡಿಗೆ ಬಂದ ಬಗೆ

ಕೇಕು ಯುರೋಪಿನವರಿಂದ ಬಂದ ತಿನಿಸು. ನಮ್ಮ ನೆರೆಯ ತಲಶ್ಶೇರಿಯಲ್ಲಿ ದಾಲ್ಚಿನ್ನಿ ತೋಟದ ಬ್ರಿಟಿಷ್ ಮಾಲೀಕನೊಬ್ಬ ತಾನು ತಂದಿದ್ದ ಕೇಕನ್ನು ತೋರಿಸಿದನೆಂದೂ, ಬೇಕರಿ ನಡೆಸುತ್ತಿದ್ದ ಮಾಂಬಳ್ಳಿ ಬಾಪು ಅವರು ಸ್ಥಳೀಯ ಸಾಮಗ್ರಿಗಳಿಂದಲೇ 1883ರಲ್ಲಿ ಕ್ರಿಸ್‌ಮಸ್ ಹಣ್ಣಿನ ಕೇಕು ತಯಾರಿಸಿದರೆಂದೂ ಪ್ರತೀತಿಯಿದೆ. ಹಾಸನ ಜಿಲ್ಲೆಯ ಕಡೆಯಿಂದ ಬೆಂಗಳೂರಿಗೆ ಬಂದ ಕುಟುಂಬಗಳು ಆರಂಭಿಸಿದ ಅಯ್ಯಂಗಾರ್ ಬೇಕರಿಗಳು ಕೇಕು, ಬ್ರೆಡ್ಡು, ಖಾರದ ಬನ್ನುಗಳನ್ನು ರಾಜ್ಯದ ಊರೂರಿಗೂ ಮುಟ್ಟಿಸಿದವು. ಈಗ ಕೇಕು ಕ್ರಿಸ್‌ಮಸ್ ಹಬ್ಬಕ್ಕೆ ಮಾತ್ರ ಸೀಮಿತವಾಗಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ, ಅತಿಥಿಗಳ ಸತ್ಕಾರಕ್ಕೆ, ಸಂಜೆಯ ಚಹಾದ ಜೊತೆಗೆ ಎಲ್ಲೆಡೆ ಬಳಕೆಯಲ್ಲಿದೆ.

ಬ್ರೆಡ್ಡಿನ ಆಕಾರದ ಉದ್ದನೆಯ ಅಚ್ಚಿನಲ್ಲಿ ಬೇಯಿಸಿ ಹೋಳುಗಳಾಗಿ ಕತ್ತರಿಸುವ ಕೇಕಿಗೆ ಲೋಫ್ ಕೇಕು ಎನ್ನುತ್ತಾರೆ. ಇದಕ್ಕೆ ಮೇಲಲಂಕಾರ ಬೇಕಿಲ್ಲ. ಹಾಗಾಗಿ ಮನೆಬಳಕೆಗೆ ಇದೇ ಸೂಕ್ತ.

ಕೇಕು ಉಬ್ಬುವುದು ಹೇಗೆ?

ವಿಧಾನಕ್ಕೆ ಮೊದಲು ಇದನ್ನು ತಿಳಿದುಕೊಳ್ಳುವುದು ಅಗತ್ಯ. ಕೇಕಿನ ಹಿಟ್ಟು ಮೂರು ರೀತಿಯಲ್ಲಿ ಉಬ್ಬುತ್ತದೆ.

ಮೊದಲನೆಯದು ಗಾಳಿ. ಮೆತ್ತಗಿನ ಬೆಣ್ಣೆಗೆ ಸಕ್ಕರೆ ಸೇರಿಸಿ ಚೆನ್ನಾಗಿ ಉಜ್ಜಿದಾಗ ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸೇರುತ್ತವೆ. ಬೆಣ್ಣೆಯ ಬಣ್ಣ ಬಿಳಿಚಿಕೊಂಡು ಹಗುರವಾಗುವುದೇ ಇದರ ಗುರುತು. ಎರಡನೆಯದು ಇಂಗಾಲದ ಡೈಆಕ್ಸೈಡ್ ಅನಿಲ. ಅಡುಗೆ ಸೋಡಾಕ್ಕೆ ಮೊಸರು ಅಥವಾ ನಿಂಬೆರಸದಂತಹ ಹುಳಿ ಸೇರಿದಾಗ ಈ ಅನಿಲ ಹೊರಡುತ್ತದೆ. ಬೇಕಿಂಗ್ ಪುಡಿಯಲ್ಲಿ ಸೋಡಾ ಮತ್ತು ಹುಳಿಲವಣ ಎರಡೂ ಪಿಷ್ಟದೊಡನೆ ಬೆರೆತಿರುತ್ತವೆ. ನೀರು ಮತ್ತು ಶಾಖ ತಗುಲಿದಾಗ ಅವು ಕೆಲಸ ಮಾಡುತ್ತವೆ. ಮೂರನೆಯದು ಹಿಟ್ಟಿನಲ್ಲಿರುವ ನೀರು ಆವಿಯಾಗುವುದು.

ಹೀಗೆ ಉಬ್ಬಿದ ಹಿಟ್ಟು ಕುಸಿಯದಂತೆ ಹಿಡಿದಿಡಲು ಒಂದು ಚೌಕಟ್ಟು ಬೇಕು. ಗೋಧಿಯಲ್ಲಿರುವ ಅಂಟು ಎಂದರೆ ಗ್ಲುಟೆನ್, ಮೊಟ್ಟೆಯ ಸಸಾರಜನಕ ಮತ್ತು ಬೆಂದು ಹಿಗ್ಗಿದ ಪಿಷ್ಟ ಸೇರಿ ಈ ಚೌಕಟ್ಟನ್ನು ಒದಗಿಸುತ್ತವೆ. ಆದರೆ ಅಂಟು ಹೆಚ್ಚಾದರೆ ಕೇಕು ಚಪಾತಿಯಂತೆ ನಾರಾಗುತ್ತದೆ. ಆದ್ದರಿಂದಲೇ ಹಿಟ್ಟು ಸೇರಿಸಿದ ಮೇಲೆ ಹೆಚ್ಚು ಕಲಕಬಾರದು. ಚಪಾತಿ ಹಿಟ್ಟನ್ನು ನಾದಿದಷ್ಟೂ ಒಳ್ಳೆಯದು, ಕೇಕಿನ ಹಿಟ್ಟನ್ನು ಮುಟ್ಟಿದಷ್ಟೂ ಕೆಟ್ಟದ್ದು ಎಂಬುದನ್ನು ನೆನಪಿಡಬೇಕು.

ಹಣ್ಣುಗಳ ಆಯ್ಕೆ

ಬಾಳೆ: ಪಚ್ಚಬಾಳೆ, ಏಲಕ್ಕಿ ಬಾಳೆ ಯಾವುದಾದರೂ ಆಗಬಹುದು. ಕಾಯಿಯಲ್ಲಿ ಹೇರಳವಾಗಿರುವ ಪಿಷ್ಟ ಮಾಗುವಾಗ ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ, ಕೈಯಲ್ಲಿ ಒತ್ತಿದರೆ ಮೆತ್ತಗಿರುವ ಹಣ್ಣೇ ಕೇಕಿಗೆ ಉತ್ತಮ. ಇದರಿಂದ ಸಕ್ಕರೆಯೂ ಕಡಿಮೆ ಸಾಕು, ಕೇಕು ಬೇಗ ಒಣಗುವುದೂ ಇಲ್ಲ. ಹೆಂಡದಂತೆ ವಾಸನೆ ಬರುವ ಅಥವಾ ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಬಳಸಬಾರದು.

ಒಣದ್ರಾಕ್ಷಿ: ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ತಯಾರಾಗುವ ಒಣದ್ರಾಕ್ಷಿ ಎಲ್ಲೆಡೆ ಸಿಗುತ್ತದೆ. ದ್ರಾಕ್ಷಿ ಬೇಗ ಒಣಗಲೆಂದು ಅದನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣದಲ್ಲಿ ಅದ್ದಿರುತ್ತಾರೆ. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದು ಬಟ್ಟೆಯ ಮೇಲೆ ಆರಿಸಬೇಕು.

ಕಿತ್ತಳೆ ಸಿಪ್ಪೆ: ಕೊಡಗಿನ ಕಿತ್ತಳೆಯಾಗಲಿ ಬೇರೆಯಾಗಲಿ, ಚೆನ್ನಾಗಿ ತೊಳೆದು ಸಿಪ್ಪೆಯ ಮೇಲಿನ ಬಣ್ಣದ ಪದರವನ್ನು ಮಾತ್ರ ತುರಿಯಬೇಕು. ಕೆಳಗಿನ ಬಿಳಿಯ ಭಾಗ ಕಹಿ.

ಅನಾನಸ್, ಹಲಸು: ಹಸಿ ಚೂರುಗಳನ್ನು ನೇರವಾಗಿ ಹಾಕಬಾರದು. ಅವುಗಳ ರಸ ಒಸರಿ ಸುತ್ತಲಿನ ಹಿಟ್ಟು ಅಂಟಂಟಾಗಿ ಉಳಿಯುತ್ತದೆ. ಸಕ್ಕರೆಯೊಡನೆ ಬೇಯಿಸಿ ನೀರಿಂಗಿಸಿ ಆರಿದ ನಂತರ ಬಳಸಬಹುದು.

ಪರಂಗಿಕಾಯಿಯ ಟೂಟಿ ಫ್ರೂಟಿ

ಕೇಕಿಗೆ ಒಂದು ವಾರ ಮೊದಲೇ ಇದನ್ನು ತಯಾರಿಸಿಟ್ಟುಕೊಳ್ಳಬೇಕು. ಬಲಿತ ಆದರೆ ಬಣ್ಣ ತಿರುಗದ ಕಾಯಿ ಇದಕ್ಕೆ ಸೂಕ್ತ. ಪಪೇನ್‌ಗಾಗಿ ಹಾಲು ತೆಗೆದ ಕಾಯಿಗಳನ್ನೂ ಈ ಕೆಲಸಕ್ಕೆ ಬಳಸಬಹುದು.

ಬೇಕಾಗುವ ಸಾಮಗ್ರಿ: ಸಿಪ್ಪೆ, ಬೀಜ ತೆಗೆದು ಹೆಚ್ಚಿದ ಚೂರು 1 ಕಿಲೋ, ಸಕ್ಕರೆ 700 ಗ್ರಾಂ, ನೀರು 350 ಮಿಲಿಲೀಟರ್, ನಿಂಬೆಹಣ್ಣು 1, ತಾಂಬೂಲಕ್ಕೆ ಬಳಸುವ ಸುಣ್ಣ 2 ಟೀ ಚಮಚ.

1. ಒಂದು ಲೀಟರ್ ನೀರಿಗೆ ಸುಣ್ಣ ಕಲಕಿ ಎರಡು ಮೂರು ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು.

2. ಕಾಯಿಯನ್ನು ಅರ್ಧ ಅಂಗುಲಕ್ಕಿಂತ ಸಣ್ಣ ಚೌಕ ಚೂರುಗಳಾಗಿ ಹೆಚ್ಚಿ ಈ ತಿಳಿಯಲ್ಲಿ ಅರ್ಧ ಗಂಟೆ ನೆನೆಸಬೇಕು. ಸುಣ್ಣದ ಕ್ಯಾಲ್ಸಿಯಂ ಕಾಯಿಯ ಪೆಕ್ಟಿನ್‌ನೊಡನೆ ಸೇರಿ ಚೂರುಗಳನ್ನು ಗಟ್ಟಿಗೊಳಿಸುತ್ತದೆ. ಪಾಕದಲ್ಲಿ ಬೇಯುವಾಗ ಅವು ಕರಗಿ ಗೊಜ್ಜಾಗುವುದಿಲ್ಲ. ನಂತರ ನಾಲ್ಕು ಸಲ ಒಳ್ಳೆಯ ನೀರಿನಲ್ಲಿ ತೊಳೆಯಲೇಬೇಕು.

3. ಕುದಿಯುವ ನೀರಿನಲ್ಲಿ 5ರಿಂದ 8 ನಿಮಿಷ ಬೇಯಿಸಿ ನೀರು ಬಸಿಯಬೇಕು.

4. ಸಕ್ಕರೆ ಮತ್ತು 350 ಮಿಲಿಲೀಟರ್ ನೀರನ್ನು ಕುದಿಸಿ ನಿಂಬೆರಸ ಹಿಂಡಿ, ಚೂರುಗಳನ್ನು ಹಾಕಿ ಹತ್ತು ನಿಮಿಷ ಬೇಯಿಸಿ ಒಂದು ದಿನ ಮುಚ್ಚಿಡಬೇಕು. ನಿಂಬೆಯ ಹುಳಿಯಿಂದ ಸಕ್ಕರೆ ಹರಳುಗಟ್ಟುವುದು ತಪ್ಪುತ್ತದೆ.

5. ಮರುದಿನ ಪಾಕವನ್ನು ಮಾತ್ರ ಬಸಿದು ಕುದಿಸಿ ಗಟ್ಟಿ ಮಾಡಿ ಮತ್ತೆ ಚೂರುಗಳ ಮೇಲೆ ಸುರಿಯಬೇಕು. ಮೂರನೆಯ ದಿನ ಎರಡೆಳೆ ಪಾಕ ಬರುವವರೆಗೆ ಕುದಿಸಿ ಸುರಿದು ಇನ್ನೊಂದು ದಿನ ಬಿಡಬೇಕು. ಕೆಂಪು ಬಣ್ಣ ಬೇಕಿದ್ದರೆ ಈ ಹಂತದಲ್ಲಿ ಪಾಕಕ್ಕೆ ಬೀಟ್‌ರೂಟ್ ರಸ ಸೇರಿಸಿ ಕುದಿಸಬಹುದು.

6. ಕೊನೆಗೆ ಪಾಕ ಬಸಿದು ಚೂರುಗಳನ್ನು ತಟ್ಟೆಯಲ್ಲಿ ಹರಡಿ, ತೆಳುಬಟ್ಟೆ ಮುಚ್ಚಿ, ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ ಗಾಜಿನ ಭರಣಿಯಲ್ಲಿ ತುಂಬಬೇಕು.

ಪಾಕವನ್ನು ಮೂರು ದಿನ ಹಂತ ಹಂತವಾಗಿ ಏಕೆ ಗಟ್ಟಿ ಮಾಡಬೇಕು? ಮೊದಲ ದಿನವೇ ಗಟ್ಟಿ ಪಾಕಕ್ಕೆ ಹಾಕಿದರೆ ಚೂರುಗಳೊಳಗಿನ ನೀರು ಒಮ್ಮೆಲೇ ಹೊರಬಂದು ಅವು ಸುಕ್ಕುಗಟ್ಟುತ್ತವೆ. ನಿಧಾನವಾಗಿ ಏರಿಸಿದರೆ ಸಕ್ಕರೆ ಒಳಗೆ ಇಳಿಯುತ್ತದೆ, ಚೂರು ತುಂಬಿಕೊಂಡು ಪಾರದರ್ಶಕವಾಗಿ ಕಾಣುತ್ತದೆ. ಸಕ್ಕರೆಯ ಸಾಂದ್ರತೆ ಶೇಕಡಾ 70ರ ಹತ್ತಿರ ತಲುಪಿದಾಗ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಉಳಿದ ಪಾಕವನ್ನು ಚೆಲ್ಲಬಾರದು, ಪಾನಕಕ್ಕೆ ಬಳಸಬಹುದು.

ಕೇಕಿಗೆ ಬೇಕಾಗುವ ಸಾಮಗ್ರಿಗಳು

ಸುಮಾರು ಒಂದು ಕಿಲೋ ತೂಕದ ಒಂದು ಲೋಫ್ ಕೇಕಿಗೆ:

ಮೈದಾ ಹಿಟ್ಟು – 150 ಗ್ರಾಂ
ಜರಡಿ ಹಿಡಿದ ಗೋಧಿ ಹಿಟ್ಟು – 100 ಗ್ರಾಂ
ಉಪ್ಪಿಲ್ಲದ ಬೆಣ್ಣೆ – 125 ಗ್ರಾಂ
ಪುಡಿ ಮಾಡಿದ ಸಕ್ಕರೆ – 125 ಗ್ರಾಂ
ಮೊಟ್ಟೆ – 3
ಕಿವುಚಿದ ಬಾಳೆಹಣ್ಣು – 150 ಗ್ರಾಂ (ಮಧ್ಯಮ ಗಾತ್ರದ ಪಚ್ಚಬಾಳೆ 2, ಏಲಕ್ಕಿ ಬಾಳೆಯಾದರೆ 4)
ಟೂಟಿ ಫ್ರೂಟಿ – 100 ಗ್ರಾಂ
ಒಣದ್ರಾಕ್ಷಿ – 60 ಗ್ರಾಂ
ಗೋಡಂಬಿ ಚೂರು – 40 ಗ್ರಾಂ
ಬೇಕಿಂಗ್ ಪುಡಿ – ಒಂದೂವರೆ ಟೀ ಚಮಚ
ಅಡುಗೆ ಸೋಡಾ – ಕಾಲು ಟೀ ಚಮಚ
ಏಲಕ್ಕಿ, ದಾಲ್ಚಿನ್ನಿ, ಜಾಯಿಕಾಯಿ ಪುಡಿ – ಎಲ್ಲ ಸೇರಿ ಅರ್ಧ ಟೀ ಚಮಚ
ಕಿತ್ತಳೆ ಸಿಪ್ಪೆಯ ತುರಿ – 1 ಟೀ ಚಮಚ
ಹಾಲು – 2ರಿಂದ 3 ದೊಡ್ಡ ಚಮಚ
ಉಪ್ಪು – ಒಂದು ಚಿಟಿಕೆ

ಚಮಚಗಳನ್ನು ಗೋಪುರದಂತೆ ತುಂಬದೆ ಮಟ್ಟವಾಗಿ ಅಳೆಯಬೇಕು. ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ತೂಗುವುದೇ ಲೇಸು. ಸಾರಿಗೆ ಉಪ್ಪು ಹೆಚ್ಚುಕಡಿಮೆಯಾದರೆ ನಂತರ ಸರಿಪಡಿಸಬಹುದು. ಅಚ್ಚಿಗೆ ಸುರಿದ ಕೇಕನ್ನು ಸರಿಪಡಿಸಲು ಬರುವುದಿಲ್ಲ. ತಕ್ಕಡಿ ಇಲ್ಲದಿದ್ದರೆ 200 ಮಿಲಿಲೀಟರ್ ಹಿಡಿಯುವ ಲೋಟವನ್ನು ಅಳತೆಯಾಗಿಟ್ಟುಕೊಳ್ಳಬಹುದು. ಅದರಲ್ಲಿ ಅದುಮದೆ ತುಂಬಿದ ಮೈದಾ ಹಿಟ್ಟು ಸುಮಾರು 110 ಗ್ರಾಂ ತೂಗುತ್ತದೆ.

ಬೆಣ್ಣೆಯ ಬದಲು ವನಸ್ಪತಿ ಬಳಸುವ ರೂಢಿಯಿದೆ. ವನಸ್ಪತಿಯಲ್ಲಿರಬಹುದಾದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಿದೆ. ಹಸು ಎಮ್ಮೆ ಇರುವ ಮನೆಯಲ್ಲಿ ಕಡೆದ ಬೆಣ್ಣೆಯೇ ಇರುವಾಗ ವನಸ್ಪತಿಯ ಗೊಡವೆ ಬೇಡ. ಆದರೆ ಮನೆಯ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು ನೀರು ಹಿಂಡಿ ತೆಗೆದು ತೂಗಬೇಕು.

ಓವನ್ ಇಲ್ಲದ ಮನೆಯಲ್ಲಿ

ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ ಅಥವಾ ಹಳೆಯ ದೊಡ್ಡ ಪ್ರೆಷರ್ ಕುಕ್ಕರ್ ಸಾಕು. ಕುಕ್ಕರ್ ಆದರೆ ರಬ್ಬರ್ ಗ್ಯಾಸ್ಕೆಟ್ ಮತ್ತು ತೂಕವನ್ನು ತಪ್ಪದೆ ತೆಗೆದಿಡಬೇಕು, ನೀರು ಹಾಕಬಾರದು. ದಿನನಿತ್ಯ ಬಳಸುವ ಒಳ್ಳೆಯ ಕುಕ್ಕರನ್ನು ಇದಕ್ಕೆ ಬಳಸುವುದು ಬೇಡ.

ಪಾತ್ರೆಯ ತಳಕ್ಕೆ ತೊಳೆದು ಒಣಗಿಸಿದ ಮರಳನ್ನು ಒಂದು ಅಂಗುಲ ದಪ್ಪ ಹರಡಬೇಕು. ಅದರ ಮೇಲೆ ಲೋಹದ ಸಿಂಬಿ ಅಥವಾ ಬೋರಲು ಹಾಕಿದ ಸಣ್ಣ ತಟ್ಟೆ ಇಡಬೇಕು. ಅಚ್ಚು ಮರಳನ್ನಾಗಲಿ ಪಾತ್ರೆಯ ಪಕ್ಕಗಳನ್ನಾಗಲಿ ತಾಗಬಾರದು. ಮರಳು ಉರಿಯ ಏರಿಳಿತವನ್ನು ತಾನು ನುಂಗಿಕೊಂಡು ಒಂದೇ ಸಮನಾದ ಶಾಖ ಕೊಡುತ್ತದೆ. ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ 15 ನಿಮಿಷ ಕಾಯಿಸಬೇಕು. ಗ್ಯಾಸ್, ಗೋಬರ್ ಗ್ಯಾಸ್, ಸೌದೆ ಯಾವ ಒಲೆಯಾದರೂ ಆಗಬಹುದು. ಸೌದೆಯಾದರೆ ಜ್ವಾಲೆಗಿಂತ ಕೆಂಡದ ಶಾಖ ಮೇಲು.

ಕೇಕಿಗೆ ಬೇಕಾದ ಶಾಖ ಸುಮಾರು 170 ಡಿಗ್ರಿ ಸೆಂಟಿಗ್ರೇಡ್. ಉಷ್ಣಮಾಪಕವಿಲ್ಲದೆ ಇದನ್ನು ತಿಳಿಯಲು ಸುಲಭ ಉಪಾಯವಿದೆ. ಸಣ್ಣ ತಟ್ಟೆಯಲ್ಲಿ ಒಂದು ಚಮಚ ಮೈದಾ ತೆಳುವಾಗಿ ಹರಡಿ ಬಿಸಿಯಾದ ಪಾತ್ರೆಯೊಳಗೆ ಐದು ನಿಮಿಷ ಇಡಬೇಕು. ಹಿಟ್ಟು ಹೊಂಬಣ್ಣಕ್ಕೆ ತಿರುಗಿದರೆ ಶಾಖ ಸರಿಯಾಗಿದೆ. ಬಿಳಿಯಾಗಿಯೇ ಉಳಿದರೆ ಶಾಖ ಸಾಲದು. ಕಡುಕಂದಾದರೆ ಉರಿ ತಗ್ಗಿಸಬೇಕು.

ಇಂತಹ ಪಾತ್ರೆಯಲ್ಲಿ ಬೆಂದ ಕೇಕಿನ ಮೇಲ್ಭಾಗ ಸ್ವಲ್ಪ ಬಿಳಿಚಿಕೊಂಡಿರುವುದು ಸಹಜ. ಮೇಲ್ಭಾಗವೂ ಕೆಂಪಗಾಗಬೇಕಿದ್ದರೆ ಸಾದಾ ಲೋಹದ ತಟ್ಟೆಯನ್ನು ಮುಚ್ಚಿ ಅದರ ಮೇಲೆ ಕೊನೆಯ ಇಪ್ಪತ್ತು ನಿಮಿಷ ಕೆಂಡ ಹರಡಬಹುದು. ಕುಕ್ಕರಿನ ಮುಚ್ಚಳದ ಮೇಲೆ ಮಾತ್ರ ಕೆಂಡ ಇಡಕೂಡದು.

ತಯಾರಿಸುವ ವಿಧಾನ

1. ಹಿಂದಿನ ರಾತ್ರಿ ಒಣದ್ರಾಕ್ಷಿಯನ್ನು ತೊಳೆದು ಎರಡು ಚಮಚ ಕಿತ್ತಳೆ ರಸದಲ್ಲಿ ನೆನೆಸಬೇಕು. ನೆನೆಯದ ದ್ರಾಕ್ಷಿ ಕೇಕಿನೊಳಗಿನ ತೇವವನ್ನು ಹೀರಿ ಕೇಕನ್ನು ಒಣಗಿಸುತ್ತದೆ. ಬೆಳಗ್ಗೆ ರಸ ಬಸಿದು ಹಾಲಿನ ಅಳತೆಯಲ್ಲೇ ಸೇರಿಸಿಕೊಳ್ಳಬೇಕು.

2. ಬೆಣ್ಣೆ, ಮೊಟ್ಟೆ, ಹಾಲು ಮೂರೂ ಕೋಣೆಯ ಉಷ್ಣತೆಯಲ್ಲಿರಬೇಕು. ಶೀತಪೆಟ್ಟಿಗೆಯಲ್ಲಿದ್ದರೆ ಒಂದು ಗಂಟೆ ಮೊದಲೇ ಹೊರಗಿಡಬೇಕು.

3. ಸುಮಾರು 23 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರದ ಬ್ರೆಡ್ಡಿನ ಅಚ್ಚಿಗೆ ಬೆಣ್ಣೆ ಸವರಿ ಬೆಣ್ಣೆ ಕಾಗದ ಹಾಸಬೇಕು. ಇಷ್ಟುದ್ದದ ಅಚ್ಚು ಪಾತ್ರೆಯಲ್ಲಿ ಹಿಡಿಸದಿದ್ದರೆ ಅಷ್ಟೇ ಹಿಡಿಯುವ ದುಂಡನೆಯ ಡಬ್ಬಿಯಾದರೂ ಆದೀತು. ಕಾಗದ ಸಿಗದಿದ್ದರೆ ಬಾಳೆಲೆಯನ್ನು ಬೆಂಕಿಯ ಮೇಲೆ ಬಾಡಿಸಿ ಹಾಸಬಹುದು. ಮುದ್ರಿತ ವೃತ್ತಪತ್ರಿಕೆಯನ್ನು ಬಳಸಬಾರದು. ಅದರ ಮಸಿ ಆಹಾರಕ್ಕೆ ಸೇರುತ್ತದೆ.

4. ಮೈದಾ, ಗೋಧಿ ಹಿಟ್ಟು, ಬೇಕಿಂಗ್ ಪುಡಿ, ಸೋಡಾ, ಉಪ್ಪು, ಮಸಾಲೆ ಪುಡಿಗಳನ್ನು ಒಟ್ಟಿಗೆ ಮೂರು ಸಲ ಜರಡಿ ಹಿಡಿಯಬೇಕು. ಸೋಡಾ ಒಂದೆಡೆ ಗಂಟಾಗಿ ಉಳಿದರೆ ಆ ಭಾಗ ಕಹಿಯಾಗುತ್ತದೆ.

5. ಅಗಲ ಬಾಯಿಯ ಪಾತ್ರೆಯಲ್ಲಿ ಬೆಣ್ಣೆ ಮತ್ತು ಸಕ್ಕರೆಯನ್ನು ಮರದ ಸೌಟಿನಿಂದ 10ರಿಂದ 15 ನಿಮಿಷ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಬಣ್ಣ ಬಿಳಿಚಿ, ನೊರೆಯಂತೆ ಹಗುರವಾಗಬೇಕು. ಈ ಕೆಲಸದಲ್ಲಿ ಅವಸರ ಮಾಡಿದರೆ ಕೇಕು ಉಬ್ಬುವುದಿಲ್ಲ.

6. ಮೊಟ್ಟೆಗಳನ್ನು ಒಡೆಯುವ ಮೊದಲು ತೊಳೆದು ಒರೆಸಬೇಕು. ಪ್ರತಿಯೊಂದನ್ನೂ ಬೇರೆ ಬಟ್ಟಲಿನಲ್ಲಿ ಒಡೆದು ನೋಡಿ, ಕಲಕಿ, ಬೆಣ್ಣೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ ಮಿಶ್ರಣ ಒಡೆದ ಹಾಲಿನಂತಾಗುತ್ತದೆ. ಹಾಗಾದರೆ ಗಾಬರಿಯಾಗದೆ ಅಳೆದಿಟ್ಟ ಹಿಟ್ಟಿನಿಂದ ಒಂದು ದೊಡ್ಡ ಚಮಚ ತೆಗೆದು ಸೇರಿಸಿದರೆ ಕೂಡಿಕೊಳ್ಳುತ್ತದೆ.

7. ಕಿವುಚಿದ ಬಾಳೆಹಣ್ಣು, ಕಿತ್ತಳೆ ತುರಿ ಸೇರಿಸಬೇಕು.

8. ಜರಡಿ ಹಿಡಿದ ಹಿಟ್ಟಿನಿಂದ ಒಂದು ದೊಡ್ಡ ಚಮಚ ತೆಗೆದಿಟ್ಟು ಉಳಿದುದನ್ನು ಮೂರು ಪಾಲು ಮಾಡಿ, ನಡುನಡುವೆ ಹಾಲು ಸೇರಿಸುತ್ತಾ, ಕೆಳಗಿನಿಂದ ಮೇಲಕ್ಕೆ ಮಗುಚುವಂತೆ ಬೆರೆಸಬೇಕು. ಒಣಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಬೇಕು. ಸೌಟಿನಿಂದ ಎತ್ತಿದರೆ ಹಿಟ್ಟು ಧಾರೆಯಾಗಿ ಹರಿಯದೆ ಮುದ್ದೆ ಮುದ್ದೆಯಾಗಿ ಜಾರಿ ಬೀಳಬೇಕು. ಇದೇ ಸರಿಯಾದ ಹದ.

9. ಟೂಟಿ ಫ್ರೂಟಿ, ಒಣದ್ರಾಕ್ಷಿ, ಗೋಡಂಬಿಗಳನ್ನು ತೆಗೆದಿಟ್ಟ ಒಣಹಿಟ್ಟಿನಲ್ಲಿ ಹೊರಳಿಸಿ ಕೊನೆಗೆ ಸೇರಿಸಬೇಕು. ಹಿಟ್ಟಿನ ಲೇಪ ಸುತ್ತಲಿನ ಮಿಶ್ರಣವನ್ನು ಹಿಡಿದುಕೊಳ್ಳುವುದರಿಂದ ಹಣ್ಣು ತಳಕ್ಕೆ ಇಳಿಯುವುದಿಲ್ಲ.

10. ಅಚ್ಚಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ತುಂಬಿ ಕೂಡಲೇ ಬೇಯಲು ಇಡಬೇಕು. ತಡಮಾಡಿದರೆ ಅನಿಲ ವ್ಯರ್ಥವಾಗಿ ಹೋಗುತ್ತದೆ.

11. ಓವನ್ನಿನಲ್ಲಾದರೆ 55ರಿಂದ 65 ನಿಮಿಷ, ಮರಳಿನ ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ 60ರಿಂದ 75 ನಿಮಿಷ ಬೇಕಾಗುತ್ತದೆ. ಮೊದಲ 40 ನಿಮಿಷ ಮುಚ್ಚಳ ತೆಗೆಯಬಾರದು. ನಂತರ ತೆಳುವಾದ ಕಡ್ಡಿಯನ್ನು ನಡುಭಾಗಕ್ಕೆ ಚುಚ್ಚಿ ನೋಡಬೇಕು. ಕಡ್ಡಿಗೆ ಹಸಿಹಿಟ್ಟು ಅಂಟದಿದ್ದರೆ ಕೇಕು ಬೆಂದಿದೆ.

12. ಹೊರತೆಗೆದು ಹತ್ತು ನಿಮಿಷ ಅಚ್ಚಿನಲ್ಲೇ ಬಿಟ್ಟು ನಂತರ ಜಾಲರಿ ಅಥವಾ ಬಿದಿರಿನ ಮೊರದ ಮೇಲೆ ಮಗುಚಿ ಪೂರ್ತಿ ಆರಿಸಬೇಕು. ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ.

ಮೊಟ್ಟೆ ತಿನ್ನದವರಿಗೆ

ಮೊಟ್ಟೆಯ ಸ್ಥಾನದಲ್ಲಿ ಮೊಸರನ್ನು ಬಳಸಬಹುದು. ಮೇಲಿನ ಅಳತೆಯ ಹಿಟ್ಟಿಗೆ 200 ಗ್ರಾಂ ಗಟ್ಟಿ ಮೊಸರು, ಬೆಣ್ಣೆಯ ಬದಲು 110 ಮಿಲಿಲೀಟರ್ ವಾಸನೆಯಿಲ್ಲದ ಅಡುಗೆ ಎಣ್ಣೆ, ಬಾಳೆಹಣ್ಣು 100 ಗ್ರಾಂ, ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪುಡಿ 1 ಟೀ ಚಮಚ ಸಾಕು. ಹಾಲು ಬೇಡ. ಮೊಸರು, ಸಕ್ಕರೆ, ಎಣ್ಣೆ, ಬಾಳೆಹಣ್ಣುಗಳನ್ನು ಕಲಕಿ, ಅದಕ್ಕೆ ಜರಡಿ ಹಿಡಿದ ಹಿಟ್ಟು ಸೇರಿಸಿ, ಹಣ್ಣುಗಳನ್ನು ಬೆರೆಸಿ ತಡಮಾಡದೆ ಬೇಯಿಸಬೇಕು. ಮೊಸರಿನ ಹುಳಿ ಮತ್ತು ಸೋಡಾ ಸೇರಿದ ಕ್ಷಣದಿಂದಲೇ ಅನಿಲ ಹೊರಡಲಾರಂಭಿಸುತ್ತದೆ.

ರಾಗಿ, ಗೋಧಿ ಬಳಸುವವರಿಗೆ

ರಾಗಿಯಲ್ಲಿ ಅಂಟಿಲ್ಲ. ಆದ್ದರಿಂದ ಒಟ್ಟು ಹಿಟ್ಟಿನ ನಾಲ್ಕನೇ ಒಂದು ಪಾಲಿನವರೆಗೆ ಮಾತ್ರ ರಾಗಿಹಿಟ್ಟು ಸೇರಿಸಿ ಉಳಿದುದನ್ನು ಮೈದಾ ಇಟ್ಟುಕೊಂಡರೆ ಕೇಕು ಚೆನ್ನಾಗಿ ನಿಲ್ಲುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಬೆಳೆಯುವ ಮಕ್ಕಳಿಗೆ ಒಳ್ಳೆಯದು. ಪೂರ್ತಿ ಗೋಧಿಹಿಟ್ಟಿನಿಂದಲೂ ಕೇಕು ಮಾಡಬಹುದು. ತೌಡು ಹೆಚ್ಚು ನೀರು ಹೀರುವುದರಿಂದ ಎರಡು ಚಮಚ ಹಾಲನ್ನು ಹೆಚ್ಚಿಗೆ ಹಾಕಬೇಕು. ಕೇಕು ಸ್ವಲ್ಪ ಗಿಡ್ಡವಾಗಿ, ಆದರೆ ರುಚಿಯಾಗಿ ಬರುತ್ತದೆ. ಸಕ್ಕರೆಗೆ ಬದಲು ಬೆಲ್ಲದ ಪುಡಿ ಬಳಸಿದರೆ ಬಣ್ಣ ಕಂದಾಗುತ್ತದೆ. ಕಸ, ಮರಳಿಲ್ಲದಂತೆ ಜರಡಿ ಹಿಡಿಯಬೇಕು.

ದೋಷಗಳು ಮತ್ತು ಕಾರಣಗಳು

ನಡುಭಾಗ ಕುಸಿದರೆ: ಸೋಡಾ ಅಥವಾ ಬೇಕಿಂಗ್ ಪುಡಿ ಹೆಚ್ಚಾಗಿರಬಹುದು, ಚೌಕಟ್ಟು ಗಟ್ಟಿಯಾಗುವ ಮೊದಲೇ ಮುಚ್ಚಳ ತೆಗೆದಿರಬಹುದು, ಪೂರ್ತಿ ಬೇಯುವ ಮೊದಲೇ ಹೊರತೆಗೆದಿರಬಹುದು. ಹೆಚ್ಚು ಉಬ್ಬಲೆಂದು ಸೋಡಾ ಸುರಿಯುವುದೇ ದೊಡ್ಡ ತಪ್ಪು. ಗುಳ್ಳೆಗಳು ಮಿತಿಮೀರಿ ಹಿಗ್ಗಿ ಒಡೆದು ಕೇಕು ಕೂರುತ್ತದೆ.

ಮೇಲ್ಭಾಗ ಬಿರಿದು ಗೋಪುರವಾದರೆ: ಶಾಖ ಹೆಚ್ಚು. ಹೊರಭಾಗ ಬೇಗ ಗಟ್ಟಿಯಾಗಿ ಒಳಗಿನ ಹಿಟ್ಟು ಅದನ್ನು ಸೀಳಿಕೊಂಡು ಏಳುತ್ತದೆ. ಲೋಫ್ ಕೇಕಿನ ಮೇಲೆ ಸಣ್ಣ ಸೀಳೊಂದು ಇರುವುದು ಸಹಜ, ಅದು ದೋಷವಲ್ಲ.

ಹಣ್ಣು ತಳ ಸೇರಿದರೆ: ಹಿಟ್ಟು ತೆಳುವಾಗಿತ್ತು ಅಥವಾ ಹಣ್ಣು ಒದ್ದೆಯಾಗಿತ್ತು, ಇಲ್ಲವೇ ಚೂರುಗಳು ದೊಡ್ಡದಾಗಿದ್ದವು.

ಸಾಬೂನಿನ ರುಚಿ ಬಂದರೆ: ಸೋಡಾಕ್ಕೆ ತಕ್ಕ ಹುಳಿ ಇರಲಿಲ್ಲ. ಹೆಚ್ಚಿನ ಸೋಡಾ ಹಿಟ್ಟಿನಲ್ಲಿರುವ ಥಯಾಮಿನ್ ಜೀವಸತ್ವವನ್ನೂ ನಾಶಪಡಿಸುತ್ತದೆ.

ಕೇಕು ನಾರಾದರೆ: ಹಿಟ್ಟು ಸೇರಿಸಿದ ಮೇಲೆ ಬಹಳ ಕಲಕಲಾಗಿದೆ.

ತಳ ಸೀದು ಒಳಗೆ ಹಸಿಯಾಗಿದ್ದರೆ: ಉರಿ ದೊಡ್ಡದಾಗಿತ್ತು ಅಥವಾ ಅಚ್ಚು ಮರಳಿಗೆ ತಾಗಿತ್ತು. ಮುಂದಿನ ಸಲ ಉರಿ ತಗ್ಗಿಸಿ ಹೆಚ್ಚು ಹೊತ್ತು ಬೇಯಿಸಬೇಕು.

ಇಂತಹ ಕೇಕನ್ನು ಎಸೆಯಬೇಕಾಗಿಲ್ಲ. ಸೀದ ಭಾಗ ತೆಗೆದು, ಹಸಿಯಾಗಿದ್ದರೆ ತೆಳು ಹೋಳುಗಳಾಗಿ ಕತ್ತರಿಸಿ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಗರಿಯಾಗಿ ಬೇಯಿಸಿದರೆ ಮಕ್ಕಳು ಸಂತೋಷದಿಂದ ತಿನ್ನುತ್ತಾರೆ.

ಶೇಖರಣೆ

ಪೂರ್ತಿ ಆರಿದ ನಂತರವೇ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಆವಿ ನೀರಾಗಿ ಮೇಲ್ಭಾಗದಲ್ಲಿ ಬೂಷ್ಟು ಬೆಳೆಯುತ್ತದೆ. ಬಾಳೆಹಣ್ಣು ಸೇರಿದ ಈ ಕೇಕಿನಲ್ಲಿ ತೇವ ಹೆಚ್ಚು. ಆದ್ದರಿಂದ ಹೊರಗಡೆ ಮೂರು ದಿನ, ಶೀತಪೆಟ್ಟಿಗೆಯಲ್ಲಿ ಒಂದು ವಾರ ಇಡಬಹುದು. ಮಳೆಗಾಲದಲ್ಲಿ ಹೊರಗಡೆ ಎರಡು ದಿನಕ್ಕಿಂತ ಹೆಚ್ಚು ಇಡದಿರುವುದು ಲೇಸು. ಬೂಷ್ಟು ಕಂಡರೆ ಆ ಭಾಗ ಮಾತ್ರವಲ್ಲ, ಇಡೀ ಕೇಕನ್ನು ತೆಗೆದುಹಾಕಬೇಕು. ಮೇಲೆ ಕಾಣುವುದಕ್ಕಿಂತ ಆಳಕ್ಕೆ ಅದರ ಎಳೆಗಳು ಇಳಿದಿರುತ್ತವೆ.

ಕೇಕು ನಿತ್ಯದ ಊಟದ ಬದಲಲ್ಲ ಎಂಬುದನ್ನೂ ಹೇಳಬೇಕು. ಇದರಲ್ಲಿ ಸಕ್ಕರೆ, ಕೊಬ್ಬು ಸಾಕಷ್ಟಿವೆ. ಮಕ್ಕಳಿಗೆ ಒಂದೊಂದು ಹೋಳು ಸಾಕು. ಸಕ್ಕರೆ ಕಾಯಿಲೆ ಇರುವ ಹಿರಿಯರು ದೂರವಿರುವುದೇ ಮೇಲು. ಸಣ್ಣ ಮಕ್ಕಳಿಗೆ ಕೊಡುವಾಗ ಗೋಡಂಬಿಯನ್ನು ಪುಡಿ ಮಾಡಿ ಹಾಕಬೇಕು.

ಮನೆಯಿಂದ ಮಾರುಕಟ್ಟೆಗೆ

ಕೈ ಪಳಗಿದ ನಂತರ ಕೆಲವರಿಗೆ ಇದನ್ನು ಮಾರಾಟ ಮಾಡುವ ಆಲೋಚನೆ ಬರಬಹುದು. ಸ್ವಸಹಾಯ ಸಂಘದ ಸದಸ್ಯರು ಕೂಡಿ ಟೂಟಿ ಫ್ರೂಟಿಯನ್ನು ಮಾತ್ರವೇ ತಯಾರಿಸಿದರೂ ಹತ್ತಿರದ ಬೇಕರಿಗಳಿಗೆ ಒದಗಿಸಬಹುದು. ಮಾರಾಟಕ್ಕೆ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯುವುದು ಕಡ್ಡಾಯ. ಹೆಬ್ಬಾಳದಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರದಲ್ಲಿ ಬೇಕರಿ ತಿನಿಸುಗಳ ತಯಾರಿಕೆಯಲ್ಲಿ ತರಬೇತಿ ದೊರೆಯುತ್ತದೆ. ಹಣ್ಣು ಸಂಸ್ಕರಣೆಯ ಬಗ್ಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ತಜ್ಞರನ್ನು ವಿಚಾರಿಸಬಹುದು. ಆದರೆ ಮೊದಲು ಮನೆಮಂದಿಗೆ ಹತ್ತು ಸಲ ಮಾಡಿ, ಹತ್ತು ಸಲವೂ ಒಂದೇ ಹದ ಬರುವಂತಾದ ಮೇಲೆ ಮಾರುವ ಮಾತು.

ರೈತ ಬಾಂಧವರೇ, ಬೆಣ್ಣೆ ನಿಮ್ಮ ಕೊಟ್ಟಿಗೆಯದು, ಮೊಟ್ಟೆ ಹಿತ್ತಲಿನದು, ಬಾಳೆ ಪರಂಗಿ ತೋಟದವು. ಕೊಳ್ಳಬೇಕಾದುದು ಮೈದಾ, ಸಕ್ಕರೆ, ದ್ರಾಕ್ಷಿ, ಗೋಡಂಬಿ ಮತ್ತು ಒಂದಿಷ್ಟು ಬೇಕಿಂಗ್ ಪುಡಿ. ಬೆಣ್ಣೆ ಸಕ್ಕರೆ ಉಜ್ಜುವ ಕೆಲಸಕ್ಕೆ ರಟ್ಟೆಯ ಬಲ ಬೇಕು. ಅದನ್ನು ಮನೆಯ ಗಂಡಸರು ವಹಿಸಿಕೊಂಡರೆ ಗೃಹಿಣಿಯ ಶ್ರಮ ಅರ್ಧವಾಗುತ್ತದೆ. ಮುಂದಿನ ಗೊನೆ ಕಡಿದಾಗ ಏಟು ಬಿದ್ದ ಒಂದು ಚಿಪ್ಪನ್ನು ತಿಪ್ಪೆಗೆ ಹಾಕದೆ ಒಳಗೆ ತೆಗೆದುಕೊಂಡು ಹೋಗಿ. ಸಂತೆಯ ದಿನ ಮಕ್ಕಳು ಬೇಕರಿಯ ಮುಂದೆ ನಿಂತಾಗ, ಮನೆಯಲ್ಲಿ ಕೇಕಿದೆ ಎಂದು ಹೇಳಿ ಅವರನ್ನು ಕರೆದುಕೊಂಡು ಬರಬಹುದು.